ಕೊನೆಯ ಪುಟದ ಕತ್ತೆ

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ‘ತಪ್ಪಾಯಿತು’ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಜಗಳ ಆಗುತ್ತಿರಲಿಲ್ಲ ಎಂದಲ್ಲ, ಬೇಕಾದಷ್ಟು ಆಗುತ್ತಿದ್ದವು. ತಪ್ಪು ಮಾಡಿದವರು ಮರುದಿನ ಬೆಳಿಗ್ಗೆ ಪೇಪರನ್ನು ಕೊನೆಯ ಪುಟದ ಕೆಳಮೂಲೆ ಮೇಲೆ ಬರುವಂತೆ ಮಡಚಿ, ಇನ್ನೊಬ್ಬರ ಚಹಾದ ಕಪ್ಪಿನ ಕೆಳಗೆ ಇಡಬೇಕು, ಅಷ್ಟೇ. ಆ ಮೂಲೆಯಲ್ಲಿ ಮೂರು ಚೌಕದ ಒಂದು ಚಿತ್ರಕಥೆ ಬರುತ್ತಿತ್ತು. ಒಬ್ಬ ಮುದುಕ, ಅವನ ಹೆಂಡತಿ, ಅವರ ಕತ್ತೆ. ನೋಡಿ ನಕ್ಕರೆ ಜಗಳ ಮುಗಿಯಿತು. ನಗದೆ ಸುಮ್ಮನೆ ಚಹಾ ಕುಡಿದರೂ ಅರ್ಧ ಮುಗಿದಂತೆಯೇ.

ಈ ಪದ್ಧತಿ ಶುರುಮಾಡಿದವರು ನನ್ನ ಅತ್ತೆ ಮಾವ. ಮಾವ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿದವರು. ಅತ್ತೆಗೆ ಓದಲು ಬರುತ್ತಿರಲಿಲ್ಲ, ಆ ಚಿತ್ರಕಥೆಗೆ ಮಾತೇ ಇರಲಿಲ್ಲವಾದ್ದರಿಂದ ಓದುವ ಗರಜೂ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದೆಲ್ಲ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಕಪ್ಪಿನ ಕೆಳಗೆ ಪೇಪರಿತ್ತು. ಚಹಾ ಚೆಲ್ಲದಿರಲೆಂದು ಇಟ್ಟಿದ್ದಾರೆ ಅಂದುಕೊಂಡು ಆ ಪೇಪರಿನಿಂದಲೇ ಒಲೆಕಟ್ಟೆ ಒರೆಸತೊಡಗಿದ್ದೆ. ಅತ್ತೆ ಓಡಿ ಬಂದರು.

“ಏ ಹುಚ್ಚಿ, ನಿನ್ನ ಗಂಡ ನಿನ್ನ ಕಾಲ ಬಿದ್ದಾನ ಅದರಾಗ. ಒರಸಬ್ಯಾಡ!”

ಈಗ ಅತ್ತೆ ಮಾವ ಇಬ್ಬರೂ ಇಲ್ಲ. ಆ ಚಿತ್ರ ಬರೆಯುತ್ತಿದ್ದವರೂ ತೀರಿಕೊಂಡರಂತೆ. ಪತ್ರಿಕೆಯವರು ಹಳೆಯವನ್ನೇ ತಿರುಗಿ ತಿರುಗಿ ಹಾಕುತ್ತಿದ್ದರು. ಬಹಳಷ್ಟು ನಮಗೆ ಬಾಯಿಪಾಠವಾಗಿದ್ದವು, ಆದರೂ ಪೇಪರು ಬಂದರೆ ಮೊದಲು ತಿರುಗಿಸುವುದು ಕೊನೆಯ ಪುಟವನ್ನೇ. ಅದರಲ್ಲಿ ಅಂಥದ್ದೇನಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಮುದುಕ ಏನಾದರೊಂದು ಎಡವಟ್ಟು ಮಾಡುತ್ತಾನೆ, ಹೆಂಡತಿ ನೋಡುತ್ತಾಳೆ, ಕತ್ತೆ ನಮ್ಮ ಕಡೆ ನೋಡುತ್ತದೆ. ಅವರಿಗೆ ವಯಸ್ಸಾಗುವುದಿಲ್ಲ, ವರ್ಗಾವಣೆ ಆಗುವುದಿಲ್ಲ, ಯಾರೂ ಸಾಯುವುದಿಲ್ಲ. ದಣಿದವರಿಗೆ ಇನ್ನೇನು ಬೇಕು.

ದಣಿವಿನ ಮಾತು ಬಂದಿತು ನೋಡಿ. ನಾನು ಮೂಡಲಗಿಯ ಶಾಲೆಯೊಂದರಲ್ಲಿ ಶಿಕ್ಷಕಿ, ನಮ್ಮವರು ಹುಕ್ಕೇರಿಯ ಒಂದು ಕಚೇರಿಯಲ್ಲಿ ಗುಮಾಸ್ತರು, ಮನೆ ಗೋಕಾಕದಲ್ಲಿ. ಬೆಳಿಗ್ಗೆ ಅವರದೊಂದು ದಿಕ್ಕಿನ ಬಸ್ಸು, ನನ್ನದೊಂದು ದಿಕ್ಕಿನದು. ಕಲ್ಲೋಳಿ ದಾಟುವವರೆಗೂ ನನಗೆ ಸೀಟು ಸಿಗುವುದಿಲ್ಲ. ಸಂಜೆ ಮನೆಗೆ ಬಂದರೆ ಮಂಡಿಗಳು ಬಾತಿರುತ್ತವೆ. ಇಬ್ಬರೂ ಬರಿದಾದ ಚೀಲಗಳ ಹಾಗೆ ಕುಸಿದು ಕುಳಿತು, ಅಡುಗೆಗೆ ಯಾರು ಏಳುತ್ತಾರೆ ಎಂದು ಕಾಯುತ್ತೇವೆ. ಏಳುವವಳು ನಾನೇ.

ಹೀಗೆ ಒಂದು ಸಂಜೆ ಹೇಳಿಯೇಬಿಟ್ಟೆ.

“ನೌಕರಿ ಬಿಡ್ತೇನ್ರಿ. ಸ್ವಯಂ ನಿವೃತ್ತಿಗೆ ಅರ್ಜಿ ಕೊಡ್ತೇನಿ. ನನಗ ಸಾಕಾಗೇತಿ.”

ಅವರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು: “ಬಿಟ್ಟು ಮನ್ಯಾಗ ಕುಂತ ಏನ ಮಾಡಾಕಿ?”

ಕುಂತು! ಇಷ್ಟು ವರ್ಷದಲ್ಲಿ ನಾನು ಕುಂತಿದ್ದನ್ನು ಇವರು ನೋಡಿದ್ದಾದರೂ ಯಾವಾಗ? ಅವತ್ತಿನಿಂದ ಮಾತು ಬಿಟ್ಟೆ. ಆದರೆ ಒಳಗೊಳಗೇ ಪೇಪರಿಗಾಗಿ ಕಾಯುತ್ತಿದ್ದೆ. ಅವರು ಅದನ್ನು ಮಡಚಿ ಇಟ್ಟರೆ ಅರ್ಜಿಗೆ ಒಪ್ಪಿದ ಹಾಗೆ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ಅವರನ್ನು ಒಪ್ಪಿಸದೆ ಅರ್ಜಿ ಕೊಡುವ ಧೈರ್ಯ ನನಗಿರಲಿಲ್ಲ.

ಕೊನೆಗೂ ಒಂದು ಬೆಳಿಗ್ಗೆ ಕಪ್ಪಿನ ಕೆಳಗೆ ಪೇಪರು ಬಂತು. ಎತ್ತಿ ನೋಡಿದೆ. ಕತ್ತೆ ಇಲ್ಲ! ಆ ಜಾಗದಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು. ನನ್ನ ವಯಸ್ಸಿನ ಹೆಂಗಸೊಬ್ಬಳು ಮಂಡಿ ಹಿಡಿದು ಮುಖ ಕಿವುಚಿದ್ದಳು, ಪಕ್ಕದಲ್ಲಿ ಅವಳೇ ನಗುತ್ತಾ ಮೆಟ್ಟಿಲು ಹತ್ತುತ್ತಿದ್ದಳು. ಅಂದರೆ ಎಣ್ಣೆ ಹಚ್ಚಿಕೊಂಡು ಕೆಲಸಕ್ಕೆ ನಡಿ ಎಂದು ಅರ್ಥ! ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಚಹಾವನ್ನು ಮೋರಿಗೆ ಸುರಿದೆ.

“ಎಣ್ಣಿ ನೀವ ಹಚಗೋರಿ,” ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಶಾಲೆಯಲ್ಲಿ ನೋಡಿದರೆ ಶಿಕ್ಷಕರ ಕೋಣೆಗೆಲ್ಲ ಕತ್ತೆಯದೇ ಸುದ್ದಿ. ಗಣಿತದ ಮಾಸ್ತರರು ಪೇಪರನ್ನು ಹಿಂದೆ ಮುಂದೆ ತಿರುಗಿಸುತ್ತಾ ಕುಳಿತಿದ್ದರು.

“ಕತ್ತಿ ತಗದ ಒಗದಾರ ನೋಡ್ರಿ ಅಕ್ಕಾರ. ಇನ್ನ ಬರೂದಿಲ್ಲಂತ. ಮುಂಜಾನೆದ್ದು ಏನ ನೋಡೂದು ಇನ್ನ?”

ಆಗ ನನಗೆ ತಿಳಿಯಿತು. ಬೆಳಿಗ್ಗೆ ನಮ್ಮವರು ಕನ್ನಡಕ ಹಾಕಿರಲಿಲ್ಲ. ಕೈ ರೂಢಿಯಂತೆ ಮಡಚಿತ್ತು, ಕತ್ತೆ ಅಲ್ಲೇ ಇರುತ್ತದೆ ಎಂದು ನಂಬಿ ಇಟ್ಟಿದ್ದರು. ಸಿಟ್ಟು ಇಳಿಯಿತು. ಆದರೆ ಖುಷಿಯೂ ಆಗಲಿಲ್ಲ. ಇನ್ನು ಮೇಲೆ ಎಲ್ಲವನ್ನೂ ಬಾಯಿಂದಲೇ ಹೇಳಬೇಕಲ್ಲ, ಅಷ್ಟು ತ್ರಾಣ ಯಾರಿಗಿದೆ ಎನ್ನಿಸಿತು.

ಸಂಜೆ ಅವರ ಮುಂದೆ ಆ ಪೇಪರನ್ನೂ ಕನ್ನಡಕವನ್ನೂ ಇಟ್ಟೆ. “ಏನ ಮಡಚಿಟ್ಟೀರಿ ನೋಡ್ರಿ. ಕತ್ತಿ ಇನ್ನ ಬರೂದಿಲ್ಲಂತ.”

ಅವರು ಎಣ್ಣೆಯ ಹೆಂಗಸನ್ನು ಬಹಳ ಹೊತ್ತು ನೋಡಿದರು. ಅರ್ಜಿಯ ಮಾತು ಬರಲಿಲ್ಲ. ಉಂಡು ಮಲಗಿದೆವು.

ಮರುದಿನ ಡಬ್ಬಿಗಳ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಗೆ ಬಂದರೆ ಗೋಡೆಯ ಮಾಡದಲ್ಲಿದ್ದ ಡಬ್ಬಿಗಳೆಲ್ಲ ನೆಲದ ಮೇಲಿವೆ! ಬೇಳೆ, ರವೆ, ಶೇಂಗಾ, ಉಪ್ಪು, ಯಾವುದನ್ನೂ ಬಿಟ್ಟಿಲ್ಲ. ಡಬ್ಬಿಗಳ ಕೆಳಗೆ ನಾನು ಹಾಸಿದ್ದ ಹಳೆಯ ಪೇಪರುಗಳನ್ನೆಲ್ಲ ಎಳೆದೆಳೆದು ಅವರು ಏನೋ ಹುಡುಕುತ್ತಿದ್ದರು. ಕನ್ನಡಕ ಹಾಕಿಕೊಂಡಿದ್ದರು.

“ಇಲ್ಲೇ ಎಲ್ಲೋ ಐತಿ ಅಂತ ನೆನಪಿತ್ತು,” ಎಂದರು.

ಅರಿಶಿನ ಡಬ್ಬಿಯ ಕೆಳಗಿನ ಹಾಳೆಯನ್ನು ಮಡಚಿ, ಅದರ ಮೇಲೆ ನನ್ನ ಕಪ್ಪು ಇಟ್ಟು, ಸರಿದು ನಿಂತರು. ಕತ್ತೆ ಪೂರ್ತಿ ಹಳದಿಯಾಗಿತ್ತು. ಮೊದಲ ಚೌಕದಲ್ಲಿ ಅದು ಹೊರೆ ಹೊತ್ತು ಏರುದಾರಿಯ ನಡುವೆ ಕೂತುಬಿಟ್ಟಿದೆ. ಎರಡರಲ್ಲಿ ಮುದುಕ ಹಗ್ಗ ಜಗ್ಗುತ್ತಿದ್ದಾನೆ, ಅದು ಏಳುತ್ತಿಲ್ಲ. ಮೂರರಲ್ಲಿ ಮುದುಕನೇ ಹೊರೆ ಹೊತ್ತು ಏರುದಾರಿ ಹತ್ತುತ್ತಿದ್ದಾನೆ. ಹೆಂಡತಿ, ಕತ್ತೆ ಇಬ್ಬರೂ ನೆರಳಲ್ಲಿ ಕೂತು ನೋಡುತ್ತಿದ್ದಾರೆ.

ನಾನು ನಗಲಿಲ್ಲ.

“ಈ ಡಬ್ಬಿ ಎಲ್ಲಾ ಮತ್ತ ಮ್ಯಾಲ ಯಾರ ಇಡಬೇಕ್ರಿ? ನನ್ನ ಬಸ್ಸಿಗೆ ಹೊತ್ತಾತು,” ಎಂದೆ.

“ಬಸ್ ಹೋಗ್ಲಿ. ಅರ್ಜಿ ನಾಳೆ ಕೊಟ್ಟ ಬಾ. ಡಬ್ಬಿ ನಾ ಇಡ್ತೇನಿ, ನೀ ಕುಂದರು.”

ನಾನು ಕುಳಿತೆ. ಅವರು ಉಪ್ಪಿನ ಡಬ್ಬಿಯನ್ನು ಸಕ್ಕರೆಯ ಜಾಗದಲ್ಲಿ ಇಟ್ಟರು. ನೋಡಿದೆ, ಏಳಲಿಲ್ಲ.