ನಡುರಸ್ತೆಯಲ್ಲಿ ನಿಂತ ದುರ್ಗಮ್ಮ

ಮೊಸರು ಮಾರುವ ದುರ್ಗಮ್ಮನ ಮೈಮೇಲೆ ದೇವರು ಬರುತ್ತದೆಂದು ಶಿರಾಳಕೊಪ್ಪದ ಅರ್ಧ ಊರು ನಂಬಿತ್ತು. ಆ ಅರ್ಧದಲ್ಲಿ ಈ ಸಾಲು ಬರೆಯುತ್ತಿರುವವನೂ ಒಬ್ಬ. ನಂಬದೆ ಏನು ಮಾಡುವುದು? ತಲೆಯ ಮೇಲೆ ಗಡಿಗೆ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೊಂದು ಕರಿ ನಾಯಿ. ಹತ್ತು ಹೆಜ್ಜೆ ನಡೆದವಳು ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುತ್ತಿದ್ದಳು. ಕಣ್ಣು ನೆಟ್ಟಗೆ ಮುಂದೆ, ತುಟಿ ಬಿಗಿ. ಹಿಂದಿನಿಂದ ಬಸ್ಸಿನವನು ಹಾರನ್ ಒತ್ತಿದರೂ ಕದಲುತ್ತಿರಲಿಲ್ಲ. ಹೀಗೆ ನಿಲ್ಲತೊಡಗಿದ ಎರಡನೆಯ ದಿನ ಹೂವಮ್ಮನೆಂಬ ಮುದುಕಿ ಅವಳ ಕಾಲ ಬಳಿ ಊದಿನಕಡ್ಡಿ ಹಚ್ಚಿಟ್ಟು, ಮೊಮ್ಮಗಳ ಮದುವೆ ಯಾವಾಗ ಆಗುತ್ತದೆಂದು ಕೇಳಿದಳು. ಉತ್ತರ ಬರಲಿಲ್ಲ. ದೇವರು ಮುನಿದಿದೆಯೆಂದು ಇನ್ನೊಂದು ಕಡ್ಡಿ ಹಚ್ಚಿದಳು.

ಸಂಗತಿ ಬೇರೆಯೇ ಇತ್ತು. ಆ ನಾಯಿ ಚಂದ್ರಶೇಖರಪ್ಪನವರದು.

ಚಂದ್ರಶೇಖರಪ್ಪನವರು ಶೇಕದಾರರಾಗಿದ್ದು ಐವತ್ತೇಳನೇ ಇಸವಿಯಲ್ಲಿ ನಿವೃತ್ತರಾದವರು. ಹೋಬಳಿಯ ಪಹಣಿ, ಖಾತೆ ಎಲ್ಲ ಅವರ ಕೈಯಲ್ಲಿದ್ದ ಕಾಲದಲ್ಲಿ ಅವರು ಬರುತ್ತಾರೆಂದರೆ ಪಟೇಲರ ಮನೆಯಲ್ಲಿ ಹಿಂದಿನ ದಿನವೇ ಕುರ್ಚಿ ಒರೆಸಿಡುತ್ತಿದ್ದರು. ನಿವೃತ್ತಿಯಾದ ಮರುವಾರದಿಂದ ಕುರ್ಚಿಯ ಮಾತು ಹಾಗಿರಲಿ, ಎದುರಿಗೆ ಸಿಕ್ಕವರು ಛತ್ರಿ ಅಡ್ಡ ಹಿಡಿಯತೊಡಗಿದರು. ಆಗ ಪರಿಚಯದ ರೇಂಜರೊಬ್ಬರು ಮರಿಯೊಂದನ್ನು ಕೊಟ್ಟರು. ಟೈಗರ್ ಎಂದು ಹೆಸರಿಟ್ಟದ್ದಾಯಿತು. ಶೇಕದಾರರು ಅಂಚೆ ಕಚೇರಿಗೆ ಹೋಗಿ ಬಂದರೂ ಸಾಕು, ಕಾಶಿಯಾತ್ರೆ ಮುಗಿಸಿ ಬಂದವರನ್ನು ಕಂಡಂತೆ ಅದು ಕುಣಿಯುತ್ತಿತ್ತು. ತಾವು ಬಂದರೆ ಎದ್ದು ನಿಲ್ಲುವ ಜೀವ ಊರಿನಲ್ಲಿ ಅದೊಂದೇ ಎಂಬುದನ್ನು ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಹೆಂಡತಿ ಯಮುನಮ್ಮನವರಿಗೆ ಮಾತ್ರ ಗೊತ್ತಿತ್ತು.

ಹತ್ತು ತಿಂಗಳಿಗೆ ಟೈಗರ್ ಸಣ್ಣ ಕರುವಿನಷ್ಟಾಯಿತು. ಸಂಜೆ ಸವಾರಿ ಹೊರಟರೆ ಮೊದಲು ನಾಯಿ, ಆಮೇಲೆ ಸರಪಳಿ, ಅದರ ಹಿಂದೆ ಕೋಟು, ಎಲ್ಲಕ್ಕಿಂತ ಹಿಂದೆ ಉದುರಿಬಿದ್ದ ರುಮಾಲು. "ನಿಲ್ಲು! ನಿಲ್ಲು ಅಂದೆನಲ್ಲ! ಇದೇ ಕೊನೇ ಸಲ ಹೇಳ್ತಿರೋದು!" ಎಂದು ಹುಕುಂ ಮಾಡುತ್ತಲೇ ಅವರು ಓಡುತ್ತಿದ್ದರು. ಹೋಟೆಲಿನ ರಂಗಪ್ಪ ಚಹಾ ಸೋಸುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದ.

"ಶೇಕ್ದಾರ್ರೆ, ಇವತ್ತು ಯಾವ ಊರಿಗೆ ಕರ್ಕಂಡು ಹೊಂಟೈತಿ ನಿಮ್ಮನ್ನ?"

ಇದೆಲ್ಲ ನಗುವಿನ ಮಾತಾಗಿಯೇ ಉಳಿಯುತ್ತಿತ್ತೇನೋ. ಆದರೆ ಒಂದು ದಿನ ಸರಪಳಿ ಯಮುನಮ್ಮನವರ ಕೈಯಲ್ಲಿತ್ತು. ಟೈಗರಿಗೆ ಬೆಕ್ಕು ಕಂಡಿತು. ಅವರು ಅಂಗಳದಲ್ಲಿ ಮುಗ್ಗರಿಸಿ ಬಿದ್ದು ಮಣಿಕಟ್ಟು ಊದಿಕೊಂಡಿತು. ಅವರು ಗದರುವ ಪೈಕಿಯಲ್ಲ. ಅರಿಸಿನದ ಪಟ್ಟು ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಬರೋ ತಿಂಗಳು ಮಗಳು ಹೆರಿಗೆಗೆ ಬರ್ತಾಳೆ. ಅಷ್ಟರೊಳಗೆ ಇದು ನೆಟ್ಟಗೆ ನಡಿಯೋದು ಕಲೀಬೇಕು. ಇಲ್ಲಾಂದ್ರೆ ಜಡೆ ಊರಿಗೆ, ನಮ್ಮಣ್ಣನ ಗದ್ದೆ ಕಾಯಾಕೆ ಕಳಿಸ್ತೀನಿ. ಬಸುರಿ ಹೆಂಗಸಿನ ಮೇಲೆ ಹಾರಿದ್ರೆ ಗತಿ ಏನ್ರೀ?"

ಶೇಕದಾರರು ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟರು.

ದುರ್ಗಮ್ಮ ಊರಾಚೆಯ ಹಳ್ಳಿಯವಳು, ಐವತ್ತರ ಹೆಂಗಸು. ಮನೆಯಲ್ಲಿ ಎರಡು ಎಮ್ಮೆ, ಪೇಟೆಯಲ್ಲಿ ದಿನವೂ ಮೊಸರು ಹಾಕುವ ಹನ್ನೆರಡು ಮನೆಯ ವರ್ತನೆ. ಸಿಂಬೆಯ ಮೇಲೆ ಗಡಿಗೆ ಕೂತಿತೆಂದರೆ ಅದನ್ನು ಕೈಯಿಂದ ಹಿಡಿಯುವ ಪದ್ಧತಿ ಅವಳಲ್ಲಿಲ್ಲ. ಒಂದು ದೀಪಾವಳಿಯಲ್ಲಿ, ಕೊರಳಿಗೆ ಕೊಬ್ಬರಿ ಕಟ್ಟಿ ಓಡಿಸಿದ ಹೋರಿಯೊಂದು ಓಣಿ ತಪ್ಪಿ ಅವಳೆದುರಿಗೇ ನುಗ್ಗಿತಂತೆ. ಮೀಸೆ ಹೊತ್ತ ಗಂಡಸರೆಲ್ಲ ಜಗಲಿ ಹತ್ತಿದರು. ಇವಳು ಇದ್ದಲ್ಲೇ ನಿಂತಳು. ಹೋರಿ ಬಳಸಿಕೊಂಡು ಹೋಯಿತು. "ಓಡಿದ್ರೆ ಗಡಿಗೆ ಬೀಳ್ತಿತ್ತು" ಎಂಬುದಷ್ಟೇ ಆ ಬಗ್ಗೆ ಅವಳ ಹೇಳಿಕೆ.

ಯಮುನಮ್ಮನವರು ಬಿದ್ದ ಮರುದಿನ ಬೆಳಗ್ಗೆ ಶೇಕದಾರರ ಮನೆಯಲ್ಲಿ ಮೊಸರು ಅಳೆದುಕೊಡುತ್ತ ಅವಳೇ ಮಾತು ತೆಗೆದಳು.

"ನಾಯಿಗೆ ಚಲೋ ಕಲಿಸೀರಿ ಸಾಹೇಬ್ರೆ."

"ಎಲ್ಲಿ ಕಲಿತಿದೆಯೇ? ಕಲಿತಿದ್ರೆ ಈ ಪಾಡು ಯಾಕೆ?"

"ಎಳದ್ರೆ ನೀವು ಬರ್ತೀರಿ ಅಂತ ಕಲಿಸೀರಲ್ರಿ. ಅದು ದಿನಾ ಎಳೀತೈತಿ, ನೀವು ದಿನಾ ಬರ್ತೀರಿ. ಅದರದೇನು ತಪ್ಪು?"

ಮೊಸರಿನವಳಿಂದ ಪಾಠ ಹೇಳಿಸಿಕೊಳ್ಳುವ ಕಾಲ ಬಂತೇ ಎಂದು ಶೇಕದಾರರಿಗೆ ಕಿವಿ ಬಿಸಿಯಾಯಿತು. "ಹಾಗಾದ್ರೆ ನೀನೇ ಕಲಿಸು ನೋಡೋಣ" ಎಂದು ಚುಚ್ಚಿದರು. ದುರ್ಗಮ್ಮನಿಗೆ ಚುಚ್ಚು ಮಾತು ತಿಳಿಯುವುದಿಲ್ಲವೋ, ತಿಳಿದರೂ ಅದಕ್ಕೆ ಬಿಡುವಿಲ್ಲವೋ, "ಎಂಟು ದಿನ ಕೊಡ್ರಿ. ಸರಪಳಿ ಬ್ಯಾಡ, ಎಮ್ಮಿ ಕರ ಕಟ್ಟೋ ಹಗ್ಗ ಸಾಕು" ಎಂದು ಟೈಗರನ್ನು ಕರೆದುಕೊಂಡು ಹೊರಟೇಬಿಟ್ಟಳು.

ಶೇಕದಾರರು ಛತ್ರಿ ಹಿಡಿದು ಹಿಂದೆ ಹಿಂದೆ ಹೋದರು. ಕೇಳಿದವರಿಗೆ ಗಾಳಿಸೇವನೆ ಎಂದರು.

ಕಲಿಸುವುದೆಂದರೆ ಇಷ್ಟೇ. ಹಗ್ಗ ಬಿಗಿಯಾದರೆ ದುರ್ಗಮ್ಮ ನಿಲ್ಲುವಳು. ಬೈಗುಳವಿಲ್ಲ, ಜಗ್ಗುವುದಿಲ್ಲ, ತಲೆಯ ಮೇಲೆ ಗಡಿಗೆ ಇರುವವಳು ಜಗ್ಗಾಡುವುದಾದರೂ ಹೇಗೆ? ಟೈಗರ್ ಮುಂದಕ್ಕೆ ತೂಗಿತು, ಕುಂಯ್ಗುಟ್ಟಿತು, ಮಣ್ಣು ಕೆರೆಯಿತು, ಕೊನೆಗೆ ಈ ಕಂಬಕ್ಕೇನಾಯಿತೆಂದು ತಿರುಗಿ ನೋಡಿತು. ತಿರುಗಿದೊಡನೆ ಹಗ್ಗ ಸಡಿಲ. ಸಡಿಲವಾದೊಡನೆ ದುರ್ಗಮ್ಮ ನಡೆದಳು. ಮತ್ತೆ ಎಳೆತ, ಮತ್ತೆ ಕಂಬ. ಹನ್ನೆರಡು ಮನೆ ಮುಗಿಯುವಾಗ ಮಧ್ಯಾಹ್ನ ತಿರುಗಿ ಮೊಸರು ಹುಳಿಯಾಗಿತ್ತು. ಕೊನೆಯ ಮನೆಯ ಬಂಗಾರಮ್ಮ ತಕರಾರು ತೆಗೆದಳು. "ಮಜ್ಜಿಗಿ ಮಾಡ್ಕೊಳ್ರಿ" ಎಂದಳು ದುರ್ಗಮ್ಮ.

ಮೂರನೆಯ ದಿನ ಅವಳು ನಿಂತಿದ್ದಾಗ ಶೇಕದಾರರಿಗೇ ತಡೆಯಲಿಲ್ಲ. "ಇಷ್ಟು ಹೊತ್ತು ನಿಲ್ಲೋಕೆ ನಿನಗೆ ಬೇಸರ ಬರೋದಿಲ್ವೇನು?"

"ನಿಮ್ಮ ಚಾವಡಿ ಜಗಲಿ ಮ್ಯಾಗೆ ನಾಕು ವರ್ಷ ನಿಂತೀನಲ್ರಿ. ಗಂಡ ಸತ್ತ ಮ್ಯಾಲೆ ಹೊಲದ ಖಾತೆ ನನ್ನ ಹೆಸರಿಗೆ ಮಾಡ್ಸಾಕೆ. ಅದರ ಮುಂದೆ ಇದೇನು?"

ಸಿಟ್ಟಿನಿಂದ ಹೇಳಿದ ಮಾತಲ್ಲ. ಹಗ್ಗ ಸಡಿಲವಾಯಿತು, ಅವಳು ಮುಂದೆ ಹೋದಳು. ಶೇಕದಾರರು ಮಾತ್ರ ಅಲ್ಲೇ ಉಳಿದರು. ನೆನಪು ಎಷ್ಟು ಕೆದಕಿದರೂ ಆ ಜಗಲಿಯ ಮೇಲೆ ದುರ್ಗಮ್ಮನ ಮುಖ ಸಿಗಲಿಲ್ಲ. ದಿನಾ ಬಂದು ಕೂಗಾಡಿದವರು, ಪಟೇಲರ ಚೀಟಿ ತಂದವರು, ಬಾಗಿಲಿಗೆ ಅಡ್ಡ ಮಲಗಿದವರು ನೆನಪಾದರು. ಅವರ ಕಾಗದಗಳು ಮುಂದೆ ಹೋಗಿದ್ದವು. ಎಳೆದವರ ಹಿಂದೆ ಹೋಗುವುದು ತಮಗೆ ನಾಯಿಯಿಂದ ಅಂಟಿದ ಅಭ್ಯಾಸವಲ್ಲ ಎಂದು ಅವರಿಗೆ ಅನ್ನಿಸಿತು. ಸುಮ್ಮನೆ ನಿಂತವರು ಎಷ್ಟು ಜನವೋ. ಅವರ ಪಟ್ಟಿ ಯಾವ ದಫ್ತರದಲ್ಲೂ ಇರಲಿಲ್ಲ.

ಎಂಟನೆಯ ದಿನ ದುರ್ಗಮ್ಮ ಹಗ್ಗವನ್ನು ಒಪ್ಪಿಸಿದಳು. "ನಾಯಿದು ಆತು. ಇನ್ನು ನಿಮ್ಮದು."

ಅವಳ ಕಟ್ಟಪ್ಪಣೆಯಂತೆ ಶೇಕದಾರರು ಹಿತ್ತಲಲ್ಲಿ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ತುಂಬಿದ ತಂಬಿಗೆ ಇಟ್ಟುಕೊಂಡು ನಾಯಿಯ ಜೊತೆ ನಡೆಯಬೇಕಾಯಿತು. ಮೊದಲ ವಾರ ನೀರೆಲ್ಲ ಅಂಗಿಗೆ. ಯಮುನಮ್ಮನವರು ಅಡಿಗೆಮನೆಯ ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿರುತ್ತಿದ್ದರು. ಬೈಯಲು ಬಾಯಿ ತೆರೆದರೆ ತಂಬಿಗೆ ಅಲುಗುತ್ತಿತ್ತು. ಹೀಗೆ ಹುಕುಂ ಮಾಡುವುದು ತಾನಾಗಿಯೇ ನಿಂತಿತು.

ಮಗಳು ಸೊರಬದಿಂದ ಬರುವ ದಿನ ಅವರು ಟೈಗರನ್ನು ಹಿಡಿದುಕೊಂಡೇ ಬಸ್ಸಿನ ಹತ್ತಿರ ಹೋದರು. ತಲೆಯ ಮೇಲೆ ರುಮಾಲು ಮಾತ್ರ. ಮಗಳು ಇಳಿದಳು. ಟೈಗರ್ ಒಮ್ಮೆಗೇ ಹಾರಿತು. ಹಗ್ಗ ಬಿಗಿಯಿತು. ಶೇಕದಾರರು ನಿಂತರು. ಮಗಳು "ಅಪ್ಪಾ" ಎಂದಳು, ಇವರು ಕದಲಲಿಲ್ಲ. ಕಂಡಕ್ಟರು "ಯಜಮಾನ್ರೆ, ಸರೀರಿ" ಎಂದ, ಕೇಳಲಿಲ್ಲ. ರಂಗಪ್ಪನ ಹೋಟೆಲೆಲ್ಲ ಹೊರಗೆ ಬಂದು ನಿಂತಿತು. ಬಹಳ ಹೊತ್ತಾದಂತೆನಿಸಿದ ಮೇಲೆ ಟೈಗರ್ ತಿರುಗಿ ನೋಡಿತು, ಎರಡು ಹೆಜ್ಜೆ ಹಿಂದೆ ಬಂತು, ಅವರ ಕಾಲ ಪಕ್ಕಕ್ಕೆ ನಿಂತು ಬಾಲ ಆಡಿಸಿತು. ಮೂವರೂ ಮನೆಗೆ ನಡೆದರು, ಹಗ್ಗ ನೆಲಕ್ಕೆ ತಾಗುವಷ್ಟು ಸಡಿಲ. ಬಾಗಿಲಲ್ಲಿದ್ದ ಯಮುನಮ್ಮನವರು ಅದನ್ನು ನೋಡಿ ನಾಯಿಯ ತಟ್ಟೆಗೂ ಒಂದು ಹೋಳಿಗೆ ಹಾಕಿದರು. ಆ ಮೇಲೆ ಜಡೆಗೆ ಕಳಿಸುವ ಮಾತು ಆ ಮನೆಯಲ್ಲಿ ಬರಲಿಲ್ಲ.

ಮಾರನೆಯ ಬೆಳಗ್ಗೆ ದುರ್ಗಮ್ಮ ಗಡಿಗೆ ಇಳಿಸುವುದನ್ನೇ ಶೇಕದಾರರು ಕಾದಿದ್ದರು.

"ನಿನ್ನೆ ಬಸ್ಸಿನ ಹತ್ತಿರ ನೀನೂ ಇದ್ದೆಯಂತೆ. ನಿಜ ಹೇಳು ದುರ್ಗಮ್ಮ, ನಾನು ನಿಂತಾಗ ಗತ್ತು ಹೇಗಿತ್ತು? ಸರ್ವೀಸಿನಲ್ಲಿದ್ದಾಗಿನ ಹಾಗೇ ಇತ್ತಾ?"

"ಯಾರಿಗೆ ಗೊತ್ರೀ? ನಾನು ನಾಯಿ ನೋಡ್ತಿದ್ದೆ."