ಒಂದೇ ಬೋಗುಣಿಯ ಅತ್ತೆ

ಬೆಳಕು ಹರಿಯುವ ಮೊದಲೇ ಒನಕೆಯ ಸದ್ದು ಶುರುವಾಗಿದೆ. ವಾಲಿ ಸೆನ್ ಅವರ ಅಂಗಳದಲ್ಲಿ ಒರಳು ಒಂದು, ಒನಕೆ ಮೂರು. ಎರಡು ಅವರ ಇಬ್ಬರು ಹೆಂಡಂದಿರ ಕೈಯಲ್ಲಿವೆ. ಮೂರನೆಯದನ್ನು ತೆನಿಂಗ್ ನ್ಗೋಮ್ ತಮ್ಮ ಮನೆಯಿಂದ ಹೆಗಲ ಮೇಲೆ ಹೊತ್ತು ತಂದಿದ್ದಾರೆ. ಒಂದು ಒನಕೆ ಏಳುವಾಗ ಇನ್ನೊಂದು ಇಳಿಯುತ್ತದೆ, ನೆನೆಸಿದ ಸಜ್ಜೆಯ ಹುಳಿವಾಸನೆ ಅಂಗಳದ ತುಂಬ ಹರಡುತ್ತದೆ. ಒನಕೆಗಳ ತಾಳ ಕೂಡಿಬಂದಿದೆ. ಮಾತಿನದು ಇನ್ನೂ ಕೂಡಿಬಂದಿಲ್ಲ.

"ಇವತ್ತು, ನಾಳೆ ಅಡಿಗೆ ಸರದಿ ನಂದು ಅತ್ತೆ," ಎನ್ನುತ್ತಾರೆ ಹಿರಿಯ ಹೆಂಡತಿ ನಿಲಾನ್. "ಉಪ್ಪು ಕಮ್ಮಿ ಮಾಡು ಅಂತೀರಿ, ಮಾಡ್ತೀನಿ. ನಾಳಿದ್ದು ಇವಳ ಸರದಿ. ಅಂಗಡಿಯ ಸಾರಿನ ಕ್ಯೂಬು ಹಾಕಿ ಘಮ್ ಅನ್ನಿಸ್ತಾಳೆ. ಆಮೇಲೆ ಯಜಮಾನರು ಯಾರನ್ನ ಹೊಗಳ್ತಾರೆ ಹೇಳಿ?"

"ನಿಮ್ಮ ಕೈಯೇ ಸಪ್ಪೆ ಆದ್ರೆ ನಾನೇನು ಮಾಡ್ಲಿ ಅಕ್ಕಾ," ಎಂದು ಕಿರಿಯ ಹೆಂಡತಿ ದಿಬೋರ್ ನಗುತ್ತಾರೆ.

ತೆನಿಂಗ್ ಒನಕೆ ನಿಲ್ಲಿಸುವುದಿಲ್ಲ. "ಇವತ್ತು ಸರದಿ ಅನ್ನೋದೇ ಬೇಡ. ಇಬ್ರೂ ಒಂದೇ ಒಲೆ ಮುಂದೆ ಕೂತ್ಕೊಳ್ಳಿ. ಚೆನ್ನಾಗಿದ್ರೆ ನಿಮ್ಮಿಬ್ಬರದು, ಕೆಟ್ರೆ ನನ್ನದು ಅನ್ನಿ."

ಸೆನೆಗಲ್ ದೇಶದ ಸಿನ್ ಸೀಮೆಯಲ್ಲಿ, ಉಪ್ಪುಬಯಲಿನ ಅಂಚಿಗಿರುವ ಈ ಹಳ್ಳಿಗೆ ತೆನಿಂಗ್ 'ಕೇರಿಯ ಅತ್ತೆ'. ಹೆರಿಗೆ, ಕೂಸಿನ ಗಂಜಿ, ಬಸುರಿಯ ಊಟ, ಮುದುಕರ ರಕ್ತದೊತ್ತಡ ಇವನ್ನೆಲ್ಲ ವಿಚಾರಿಸಿಕೊಳ್ಳಲೆಂದು ಊರೇ ಆರಿಸಿದ ಹೆಂಗಸು. ತಂದೆಯ ಅಕ್ಕತಂಗಿಯರ ಮಾತನ್ನು ಇಲ್ಲಿ ಯಾರೂ ತೆಗೆದುಹಾಕುವುದಿಲ್ಲ. ಅದಕ್ಕೇ ಆ ಹೆಸರು. ಸಂಬಳವೇನೂ ಇಲ್ಲ. ಹೊಟ್ಟೆಪಾಡಿಗೆ ಬೇಸಿಗೆಯುದ್ದಕ್ಕೂ ಬಯಲಿನ ಹೊಂಡಗಳಲ್ಲಿ ಮೊಣಕಾಲುದ್ದ ನಿಂತು ಉಪ್ಪು ಬಾಚಿ ತೆಗೆಯುತ್ತಾರೆ. ಅವರ ಅಂಗಾಲು ಸೀಳಿ ಬೆಳ್ಳಗಾಗಿದೆ. ಮುಂಜಾನೆ ಎರಡು ಮೂರು ಅಂಗಳ, ಆಮೇಲೆ ಬಯಲು, ಇಳಿಹೊತ್ತಿಗೆ ಮತ್ತೆ ಅಷ್ಟೇ ಅಂಗಳ. ಎಲ್ಲಿಗೆ ಹೋದರೂ ಒನಕೆ ಹೆಗಲ ಮೇಲೆ. "ಕೈ ಕಟ್ಕೊಂಡು ನಿಂತು ಬುದ್ಧಿ ಹೇಳಿದ್ರೆ ಯಾರು ಕೇಳ್ತಾರೆ? ಕುಟ್ಟುತ್ತಾ ಹೇಳಿದ್ರೆ ಅವರಿಗೂ ಕೆಲಸ ಹಗುರ, ನನಗೂ ಮಾತು ಹಗುರ," ಎನ್ನುತ್ತಾರೆ.

ಉಪ್ಪು ತೆಗೆಯುವವರೇ ಉಪ್ಪು ಕಡಿಮೆ ಮಾಡಿ ಎನ್ನುವುದು ಊರಿಗೆ ಒಳ್ಳೆಯ ತಮಾಷೆ. ಅಂಗಡಿಯ ಅಲ್ಫಾ ಬಾರಿ ಅವರಿಗಂತೂ ದಿನವೂ ಬೇಕು. ಅಲ್ಫಾ ದನ ಸಾಕುವ ಫುಲಾನಿ ಜನಾಂಗದವರು, ತೆನಿಂಗ್ ಸೆರೆರ್ ಜನಾಂಗದವರು. ಈ ಎರಡು ಜನಾಂಗದವರು ಹಿಂದಿನಿಂದಲೂ ಅಣಕದ ನೆಂಟರು. ಎಷ್ಟು ಬೈದರೂ ಸಿಟ್ಟು ಮಾಡುವಂತಿಲ್ಲ.

"ಬಂದ್ಲಪ್ಪಾ ಸೆರೆರ್ ಮುದುಕಿ, ನನ್ನ ವ್ಯಾಪಾರ ಮುಳುಗಿಸೋಕೆ!"

"ಸುಮ್ನಿರೋ ದನಗಳ್ಳ. ನನ್ನ ಮನೆ ಆಳಾಗಿದ್ಕೊಂಡು ಎದುರಾಡ್ತೀಯಾ? ಆ ಕ್ಯೂಬಿನ ಡಬ್ಬ ಕೆಳಗಿಡು, ಈರುಳ್ಳಿ ಬುಟ್ಟಿ ಮುಂದಕ್ಕೆ ತಾ."

ಅಲ್ಫಾ ಡಬ್ಬವನ್ನು ಕೆಳಗಿಡುತ್ತಾರೆ. ತಾವು ಬೇಲಿಯ ತಿರುವು ದಾಟಿದೊಡನೆ ಅದು ಮತ್ತೆ ಮೇಲೇರುತ್ತದೆಂದು ತೆನಿಂಗ್‌ಗೂ ಗೊತ್ತು. ಬಣ್ಣದ ಕಾಗದ ಸುತ್ತಿದ ಆ ಸಾರಿನ ಕ್ಯೂಬು ಉಪ್ಪಿನದೇ ಮುದ್ದೆ. ಅದರ ಮೇಲೆ ಒಣಮೀನಿನ ಉಪ್ಪು, ಅದರ ಮೇಲೆ ಒಲೆ ಪಕ್ಕದ ಮಡಕೆಯ ಉಪ್ಪು. ಬಾವಿಯ ನೀರೂ ಇಲ್ಲಿ ಕೊಂಚ ಉಪ್ಪೇ.

ತೆನಿಂಗ್ ಅವರ ಗಂಡ ಲಾತಿರ್‌ಗೆ ರಕ್ತದೊತ್ತಡವಿತ್ತು. ಉಪ್ಪು ಕಡಿಮೆ ಮಾಡಿ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದರು. "ಅವರು ಸರಿಯಾಗೇ ಹೇಳಿದ್ರು. ತಪ್ಪು ಮಾಡಿದೋಳು ನಾನು," ಎಂದು ತೆನಿಂಗ್ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮನೆಮಂದಿಯ ಅಡಿಗೆ ಎಂದಿನಂತೆ ಮಾಡಿ, ಗಂಡನಿಗೆಂದು ಸಪ್ಪೆ ಅನ್ನವನ್ನು ಮುಚ್ಚಳದ ಪಿಂಗಾಣಿ ತಟ್ಟೆಯಲ್ಲಿ ಬೇರೆಯಾಗಿ ಇಟ್ಟರು. ದೊಡ್ಡ ಬೋಗುಣಿಯ ಸುತ್ತ ಕೂತು ಎಲ್ಲರೂ ಒಂದೇ ಅನ್ನಕ್ಕೆ ಕೈ ಹಾಕುವ ಊರಿನಲ್ಲಿ, ಬೇರೆ ತಟ್ಟೆ ಎಂದರೆ ಬದುಕಿರುವಾಗಲೇ ಮನೆಯಿಂದ ಹೊರಗಿಟ್ಟಂತೆ. ಲಾತಿರ್ ಜಗಳವಾಡಲಿಲ್ಲ. ಊಟದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದರು, ಅಷ್ಟೇ. ಊಟದ ಹೊತ್ತಿಗೆ ಅಂಗಳಕ್ಕೆ ಬಂದವರನ್ನು 'ಬನ್ನಿ, ಕೂತ್ಕೊಳ್ಳಿ' ಎನ್ನದವರು ಇಲ್ಲಿಲ್ಲ. ಎಲ್ಲರ ಬೋಗುಣಿಯಲ್ಲೂ ಉಂಡರು. ಕಡಲೆಕಾಯಿ ಕೀಳುವ ಕಾಲದಲ್ಲಿ ಹೊಲದಲ್ಲೇ ಬಿದ್ದರು, ಮತ್ತೆ ಏಳಲಿಲ್ಲ. ಆ ತಟ್ಟೆ ಇಂದಿಗೂ ತೆನಿಂಗ್ ಅವರ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಬಳಸಲು ಮನಸ್ಸಿಲ್ಲ, ಎಸೆಯಲು ಕೈ ಬಾರದು.

ವಾಲಿ ಸೆನ್ ಲಾತಿರ್ ಅವರ ಓರಗೆಯವರು. ಒಂದೇ ವರ್ಷ ಸುನ್ನತಿಯಾಗಿ, ಒಂದೇ ಗುಡಿಸಲಲ್ಲಿ ಮಲಗಿ ಗಾಯ ಮಾಗಿಸಿಕೊಂಡವರು. ಅವರಿಗೂ ರಕ್ತದೊತ್ತಡವಿರುವುದು ಗೊತ್ತಾದಾಗ ತೆನಿಂಗ್ ಹಿರಿಯ ಹೆಂಡತಿಯ ಕಿವಿಯಲ್ಲಿ ಮಾತ್ರ ಹೇಳಿದರು. ನಿಲಾನ್ ಉಪ್ಪು ಇಳಿಸಿದರು. ದಿಬೋರ್‌ಗೆ ಸಂಗತಿಯೇ ತಿಳಿಯದು. ವಾಲಿ ಬೆರಳು ಚೀಪಿಕೊಂಡು ಕಿರಿಯಳ ಕೈರುಚಿಯನ್ನು ಹೊಗಳಿದರು. ಮರುದಿನವೇ ನಿಲಾನ್ ಎರಡು ಕ್ಯೂಬು ಹೆಚ್ಚಿಗೆ ಹಾಕಿದರು. "ಇಬ್ಬರು ಹೆಂಡಂದಿರ ಮನೇಲಿ ಒಬ್ಬಳಿಗೇ ಹೇಳಿದ್ನಲ್ಲ, ನನ್ನಂಥ ದಡ್ಡಿ ಯಾರಿದ್ದಾರೆ!" ಎಂದು ತೆನಿಂಗ್ ಹಣೆ ಬಡಿದುಕೊಳ್ಳುತ್ತಾರೆ.

ಹೋದ ತಿಂಗಳು ಕುದುರೆಗಾಡಿ ಹೂಡುವಾಗ ವಾಲಿ ಅವರ ಎಡಗೈಯಲ್ಲಿ ಹಗ್ಗ ನಿಲ್ಲಲಿಲ್ಲ. ಬಾಯಿ ಸೊಟ್ಟಗಾಯಿತು. ಸಂಜೆಗೆ ಸರಿಹೋಯಿತಾದರೂ, ಇನ್ನೊಮ್ಮೆ ಬಂದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದರು. ಹೆದರಿದ ಮನೆಯವರು ಮಾಡಿದ್ದೇನು? ಮುಚ್ಚಳದ ತಟ್ಟೆ ತಂದರು. ಅಂದಿನಿಂದ ಊಟದ ಹೊತ್ತಿಗೆ ವಾಲಿ ಮನೆಯಲ್ಲಿಲ್ಲ. ತೆನಿಂಗ್ ಅವರಿಗೆ ಆ ಹಾದಿ ಗೊತ್ತು. ಅದಕ್ಕೇ ಈ ಮುಂಜಾನೆ ಒನಕೆ ಹೊತ್ತು ಬಂದಿದ್ದಾರೆ.

ಒಲೆಯ ಮುಂದೆ ಮೂವರೂ ಕೂರುತ್ತಾರೆ. ರಾತ್ರಿಯೇ ನೆನೆಹಾಕಿದ್ದ ಒಣಮೀನಿನ ನೀರನ್ನು ತೆನಿಂಗ್ ಚೆಲ್ಲಿಸುತ್ತಾರೆ. ಕ್ಯೂಬಿನ ಬದಲು ಕಾಡುಬೀಜವನ್ನು ಹುಳಿಬರಿಸಿ ಕಟ್ಟಿದ ಕಪ್ಪು ಉಂಡೆ ಪಾತ್ರೆಗೆ ಬೀಳುತ್ತದೆ. ಹುಣಸೆ, ಈರುಳ್ಳಿ, ಅರೆದ ಪುಂಡಿಸೊಪ್ಪು.

"ಒಂದೇ ಒಂದು ಚಿಟಿಕೆ ಅತ್ತೆ," ದಿಬೋರ್ ಕೈ ಉಪ್ಪಿನ ಮಡಕೆಯತ್ತ ಹೋಗುತ್ತದೆ.

ತಡೆಯುವವರು ತೆನಿಂಗ್ ಅಲ್ಲ, ನಿಲಾನ್. "ಏ ಹುಡುಗಿ, ಇವತ್ತು ನನ್ನ ಹೆಸರೂ ಇದರಲ್ಲಿದೆ!"

ಮಧ್ಯಾಹ್ನ ಬೇವಿನ ನೆರಳಿನ ಚಾಪೆಯ ಮೇಲೆ ಸಜ್ಜೆ ಅನ್ನದ ಬೋಗುಣಿ ಬಂದು ಕೂರುತ್ತದೆ. ವಾಲಿ ಟೋಪಿ ತಲೆಗಿಟ್ಟು ಬೇಲಿಯ ಬಾಗಿಲಲ್ಲಿದ್ದಾರೆ.

"ಎಲ್ಲಿಗೆ ವಾಲಿ? ಬಾ, ಕೂತ್ಕೋ," ತೆನಿಂಗ್ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಕರೆದರೆ ಬಾರದಿರುವಂತಿಲ್ಲ. ವಾಲಿ ಚಾಪೆಯ ಸುತ್ತ ಕಣ್ಣಾಡಿಸುತ್ತಾರೆ. ತಟ್ಟೆ ಎಲ್ಲೂ ಕಾಣುವುದಿಲ್ಲ. ಮೆಲ್ಲಗೆ ಬಂದು ಕೂರುತ್ತಾರೆ, ಮೊದಲ ತುತ್ತು ಬಾಯಿಗಿಡುತ್ತಾರೆ. ಹೆಂಡಂದಿರಿಬ್ಬರೂ ತಮ್ಮ ತುತ್ತು ಕಟ್ಟದೆ ಅವರನ್ನೇ ನೋಡುತ್ತಾರೆ.

"ಉಪ್ಪೆಲ್ಲಿ ತೆನಿಂಗ್?"

"ಬಯಲಲ್ಲಿ ರಾಶಿ ಹಾಕಿದ್ದೀನಿ. ಒಣಗ್ತಾ ಇದೆ."

"ಯಾರದಮ್ಮಾ ಇವತ್ತಿನ ಅಡಿಗೆ?"

"ಇಬ್ಬರದೂ," ಎನ್ನುತ್ತಾರೆ ನಿಲಾನ್ ಮತ್ತು ದಿಬೋರ್ ಒಟ್ಟಿಗೆ.

"ಹಾಗಾದ್ರೆ ಬೈಯೋ ಹಾಗೂ ಇಲ್ಲ." ವಾಲಿ ಇನ್ನೊಂದು ತುತ್ತು ಕಟ್ಟುತ್ತಾರೆ. ಆಮೇಲೆ ಮತ್ತೊಂದು. ಮೀನಿನ ಮೆತ್ತನೆಯ ಭಾಗ ಮುರಿದು, ಅತಿಥಿಗೆ ಮಾಡುವಂತೆ, ತೆನಿಂಗ್ ಮುಂದಿನ ಅನ್ನದ ಮೇಲೆ ಇಡುತ್ತಾರೆ. ತಲೆಯೆತ್ತದೆ ಹೇಳುತ್ತಾರೆ: "ಲಾತಿರ್ ಇಲ್ಲೇ ಕೂತು ಉಣ್ತಿದ್ದ. ನಾನೇ ಬಾ ಅಂತಿದ್ದೆ."

"ಗೊತ್ತು. ಬಂದವರನ್ನ ಬಾ ಅನ್ನದೆ ಇರೋಕಾಗುತ್ತಾ," ಎನ್ನುತ್ತಾರೆ ತೆನಿಂಗ್. ಮೀನಿನ ತುಂಡನ್ನು ಅನ್ನಕ್ಕೆ ಕಲಸಿ ತುತ್ತು ಕಟ್ಟುತ್ತಾರೆ. ಬೋಗುಣಿಯ ತಳಕ್ಕೆ ಬೆರಳು ತಾಗುತ್ತದೆ.

ಕೈ ತೊಳೆಯುವಾಗ ನಿಲಾನ್ ಮುಚ್ಚಳದ ತಟ್ಟೆ ಹಿಡಿದು ಬರುತ್ತಾರೆ. "ಇದನ್ನೇನು ಮಾಡೋದು ಅತ್ತೆ?"

ತೆನಿಂಗ್ ಅದನ್ನು ಕೈಗೆ ತೆಗೆದುಕೊಂಡು ಅಂಚು ಸವರುತ್ತಾರೆ. "ಕೋಳಿಗೆ ನೀರಿಡು. ನಮ್ಮನೇಲೂ ಒಂದಿದೆ. ಹೋಗಿ ಅದನ್ನೂ ಇಳಿಸ್ತೀನಿ."

ಮುಂದೇನು ಆಸೆ ಎಂದು ಕೇಳಿದರೆ ಒನಕೆ ಹೆಗಲಿಗೇರಿಸುತ್ತಾ ನಿಲ್ಲುತ್ತಾರೆ. "ದೊಡ್ಡ ಆಸೆ ಏನಿರುತ್ತೆ ನಮಗೆ? ನಾಳಿದ್ದು ದಿಬೋರ್ ಸರದಿ, ಒಬ್ಬಳೇ ಮಾಡ್ತಾಳೆ. ಅವತ್ತೂ ವಾಲಿ ತನ್ನ ಮನೇಲೇ ಉಂಡ್ರೆ ಸಾಕು."