ಇನ್ನೊಂದು ಕೈ

ಡಾಕ್ಟರಮ್ಮನ ಬೆರಳುಗಳು ತಣ್ಣಗಿದ್ದವು. ಬಲ ತೋರುಬೆರಳಿನ ಉಗುರು ಸೀಳಿತ್ತು. ಬೆರಳು ನಿಜಕ್ಕೂ ತಣ್ಣಗಿತ್ತೋ, ನಾನೇ ಸುಡುತ್ತಿದ್ದೆನೋ ಹೇಳಲಾರೆ. ನೋವಿನಲ್ಲಿದ್ದವನ ನೆನಪನ್ನು ನಾನು ನಂಬುವುದಿಲ್ಲ. ಉಗುರನ್ನು ನಂಬುತ್ತೇನೆ.

ಕಾಕ್ಕನಾಡಿನ ಬ್ಯಾಂಕಿನಲ್ಲಿ ಕೂತಿದ್ದಾಗ, ಯಾರೋ ಬಟ್ಟೆ ಹರಿದಂತೆ ನೋವು ಎದೆಯಿಂದ ಬೆನ್ನಿಗೆ ಇಳಿಯಿತು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದ ಎಳೆಯ ಡಾಕ್ಟರ್ ಬಲಗೈಯ ಬಿಪಿ ನೋಡಿದ. ಹಾರ್ಟ್ ಅಟ್ಯಾಕ್ ಎಂದು ತೀರ್ಮಾನಿಸಿ, ರಕ್ತ ತೆಳುವಾಗಿಸುವ ಇಂಜೆಕ್ಷನ್ ತರಿಸಿದ. "ಪೇಡಿಕ್ಕೇಂಡ ಸಾರೇ," ಹೆದರಬೇಡಿ ಎಂದ.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಬಂದವರೇ ನನ್ನ ಎರಡೂ ಮಣಿಕಟ್ಟುಗಳನ್ನು ಒಟ್ಟಿಗೆ ಹಿಡಿದರು. ಎಡಗೈಯಲ್ಲಿ ನಾಡಿ ಸಿಗಲೊಲ್ಲದು.

"ಇನ್ನೊಂದು ಕೈ ಎಂತಕ್ಕೆ ಉಂಟು ಮಾರಾಯ? ವಾಚ್ ಕಟ್ಟಲಿಕ್ಕಾ? ಆ ಇಂಜೆಕ್ಷನ್ ಕೊಟ್ಟರೆ ಇವರು ಹೋಗ್ತಾರೆ!"

ಡಾಕ್ಟರಮ್ಮ ಮಲಯಾಳಿ, ಓದಿದ್ದು ಮಂಗಳೂರಿನಲ್ಲಿ. ಆ ಹುಡುಗನಿಗೆ ಬೈದದ್ದು ಮಲಯಾಳದಲ್ಲೇ ಇರಬೇಕು. ನನ್ನ ಕಿವಿಯಲ್ಲಿ ಉಳಿದದ್ದು ಕನ್ನಡ.

ಸ್ಕ್ಯಾನ್ ಮಾಡಿದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರವೇ ಸೀಳಿತ್ತು; ಎಡಗೈಗೆ ರಕ್ತ ಹೋಗದಿದ್ದದ್ದು ಅದಕ್ಕೇ. ಆಗಲೇ ಆಪರೇಷನ್ನಿಗೆ ಒಯ್ದರು.

ನಿವೃತ್ತರಾಗಿ ಅವರು ತಿರುವನಂತಪುರದ ಶ್ರೀಕಾರ್ಯಂಗೆ ಹೋದ ಮೇಲೂ ನಾನು ಅವರನ್ನು ನೋಡಲು ಹೋಗುತ್ತಿದ್ದೆ. ನಾನು ಚಪ್ಪಲಿ ಬಿಡುವ ಮೊದಲೇ ಗೇಟಿನಲ್ಲಿ ಎರಡೂ ಕೈ ಹಿಡಿಯುತ್ತಿದ್ದರು. "ಇರಿ, ಮಾತು ಆಮೇಲೆ." ನಂತರ, "ಎರಡೂ ಸರಿ ಉಂಟು. ಬನ್ನಿ, ಚಾಯ ಕುಡಿಯುವ."

ಕಳೆದ ವರ್ಷ ಅದೇ ನೋವು ಅವರಿಗೂ ಬಂತು. ಕೇಳಿದವರು ವಿಧಿ ಎಂದು ತಲೆದೂಗುತ್ತಾರೆ. ಕಥೆ ಇಷ್ಟು ಚೆನ್ನಾಗಿ ಕೂಡಿಕೊಂಡರೆ ನನಗೆ ಮೈ ಉರಿಯುತ್ತದೆ. ವಿಧಿಯಲ್ಲ, ಅಲ್ಲಿನ ಆಸ್ಪತ್ರೆಯಲ್ಲಿ ಯಾರೂ ಇನ್ನೊಂದು ಕೈಯ ನಾಡಿ ನೋಡಲಿಲ್ಲ, ಅಷ್ಟೇ. ಪಕ್ಕದಲ್ಲಿದ್ದ ಅವರ ತಂಗಿ ಹೇಳಿದ್ದು: ಬಲಗೈಗೆ ಬಿಪಿ ಪಟ್ಟಿ ಸುತ್ತಿದ್ದಾಗ ಡಾಕ್ಟರಮ್ಮ ಎಡಗೈ ಚಾಚಿ, ಇದನ್ನೂ ನೋಡಿ ಎಂದರಂತೆ. "ಮೇಡಂ, ಈಗ ನೀವು ಪೇಷಂಟ್ ಅಲ್ಲವೇ?" ಎಂದು ನಕ್ಕು, ಡ್ಯೂಟಿ ಡಾಕ್ಟರ್ ಆ ಕೈಯನ್ನು ಹೊದಿಕೆಯೊಳಗೆ ಸೇರಿಸಿದನಂತೆ. ಅವರು ಮತ್ತೆ ತೆಗೆದರು. ಅವನು ಮತ್ತೆ ಸೇರಿಸಿದ. ಅದೇ ಇಂಜೆಕ್ಷನ್. ಸ್ಕ್ಯಾನಿಗೆ ಹೇಳುವ ಹೊತ್ತಿಗೆ ಅವರಿರಲಿಲ್ಲ.

ಸಂತಾಪಸಭೆಯಲ್ಲಿ ಹಿರಿಯ ವೈದ್ಯರೊಬ್ಬರು, ಶಾಂತವಾಗಿ ಹೊರಟುಹೋದರು ಎಂದರು. ನಾನು ಎದ್ದುಹೋಗಿ ಮೈಕ್ ಹಿಡಿದು, ನನ್ನ ಹರಕು ಮಲಯಾಳದಲ್ಲಿ, ಶಾಂತವಾಗಿ ಅಲ್ಲ, ಎಡಗೈ ಚಾಚಿ ಬೇಡುತ್ತಾ ಹೋದರು ಎಂದೆ.

ಯಾರೋ ಮೈಕ್ ಕಸಿದುಕೊಂಡರು. ಡಾಕ್ಟರಮ್ಮ ಉಳಿಸಿಕೊಟ್ಟ ಉಸಿರಿತ್ತು. ಮೈಕ್ ಇಲ್ಲದೆ ಇನ್ನೊಮ್ಮೆ ಹೇಳಿದೆ.